ಹಗ್ಗದ ಲೆಕ್ಕ

ಅಪ್ಪನ ಫೋಟೋಗೆ ಕಟ್ಟು ಹಾಕಿಸಲು ಮದ್ದೂರಿನಲ್ಲಿ ಇಳಿದಿದ್ದೆ. ಮಂಡ್ಯದ ಸ್ಟುಡಿಯೋದಲ್ಲಿ 12 ಇಂಚು ಅಗಲ, 18 ಇಂಚು ಎತ್ತರಕ್ಕೆ ಪ್ರಿಂಟ್ ಹಾಕಿಸಿ, ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದೆ. ಮಾರನೇ ದಿನ ಮಳವಳ್ಳಿ ಹತ್ತಿರದ ನಮ್ಮೂರಿನಲ್ಲಿ ತಿಥಿ.

ಅಂಗಡಿಯವರು ಒಂದಿಂಚು ಅಗಲದ ಮರದ ಪಟ್ಟಿ ತೋರಿಸಿ, "ಪಟ್ಟಿಗೆ ಅಡಿ ಲೆಕ್ಕ, ಗಾಜಿಗೆ ಚದರಡಿ ಲೆಕ್ಕ ಸಾರ್" ಅಂದರು. ಬಿ.ಎಸ್ಸಿ. ಓದಿದವನ ಗತ್ತಿನಲ್ಲಿ ನಾನೇ ಶುರು ಮಾಡಿದೆ: "12, 18 ಕೂಡಿದ್ರೆ 30. ಅದರ ಎರಡರಷ್ಟು 60 ಇಂಚು. ಐದಡಿ ಪಟ್ಟಿ ಸಾಕಲ್ವಾ?"

ಅವರು ನಕ್ಕರು. "ಮೂಲೆ ಯಾರು ಕೊಡ್ತಾರೆ ಸಾರ್? 68 ಬೇಕು. ಗರಗಸ ತಿನ್ನೋದು ಬ್ಯಾರೆ."

ನಿಜ. ಪಟ್ಟಿ ಕೂರುವುದು ಫೋಟೋದ ಹೊರಗೆ. ಎರಡೂ ಪಕ್ಕ ಒಂದೊಂದು ಇಂಚು ಸೇರಿದರೆ ಹೊರಗಿನ ಅಳತೆ 14 ಮತ್ತು 20, ಸುತ್ತಳತೆ 68. ಮೂಲೆಗಳನ್ನು 45 ಡಿಗ್ರಿಗೆ ಓರೆಯಾಗಿ ಕೊಯ್ಯುವುದರಿಂದ ಪ್ರತಿ ತುಂಡಿನ ಹೊರ ಅಂಚು ಉದ್ದ, ಒಳ ಅಂಚು ಗಿಡ್ಡ. ಕೊಳ್ಳಬೇಕಾದ್ದು ಹೊರ ಅಂಚಿನ ಲೆಕ್ಕಕ್ಕೆ. ವಿಸ್ತೀರ್ಣವೂ ಹಾಗೇ: ಹೊರಗಿನದು 280 ಚದರ ಇಂಚು, ಫೋಟೋ 216. ಉಳಿದ 64 ಬರೀ ಕಟ್ಟಿನದು.

ಅವರು ಕೊಯ್ದು ಮುಗಿಸುವವರೆಗೆ ಸ್ಟೂಲಿನ ಮೇಲೆ ಕೂತೆ. ಸುತ್ತಳತೆಯ ವಿಷಯದಲ್ಲಿ ನಾನು ಎಡವಿದ್ದು ಇದೇ ಮೊದಲಲ್ಲ.

ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪ, ಚಿಕ್ಕಪ್ಪ ಪಾಲಾದರು. ನಾಲೆ ಬಯಲಿನಲ್ಲಿ ಎರಡು ಗದ್ದೆ. ಒಂದು ಚೌಕ, ಇನ್ನೊಂದು ಉದ್ದನೆ ಪಟ್ಟೆ. ಅಪ್ಪನಿಗೆ ಓದುಬರಹ ಇರಲಿಲ್ಲ. "ನೀನೇ ಅಳೆದು ಹೇಳ್ಲಾ ಮಗ" ಅಂದರು. ಆ ವಾರವಷ್ಟೇ ಮೇಷ್ಟ್ರು ಸುತ್ತಳತೆ ಕಲಿಸಿದ್ದರು. 33 ಅಡಿ ಹಗ್ಗ ಹಿಡಿದು ಬದುವಿನ ಮೇಲೆ ಸುತ್ತಿದೆ. ಎರಡಕ್ಕೂ ಸರಿಯಾಗಿ 16 ಹಗ್ಗ, 528 ಅಡಿ! "ಎಲ್ಡೂ ಒಂದೇ ಸಮ ಕನಪ್ಪ" ಅಂತ ಜಗಲಿ ಮೇಲೆ ಎಲ್ಲರೆದುರು ಕೂಗಿದೆ. ಅಪ್ಪ ನನ್ನ ತಲೆ ಸವರಿ, "ಚೌಕ ನೀನೇ ಮಡೀಕೊ" ಅಂತ ತಮ್ಮನಿಗೆ ಬಿಟ್ಟುಕೊಟ್ಟರು.

ಹದಿನೈದು ದಿನ ಬಿಟ್ಟು ವಿಸ್ತೀರ್ಣದ ಪಾಠ ಬಂತು. 33 ಅಡಿಗೆ 33 ಅಡಿ ಅಂದರೆ ಒಂದು ಗುಂಟೆ, 1089 ಚದರಡಿ. ಅಂಥ 40 ಸೇರಿದರೆ ಎಕರೆ. ಚೌಕದ ಗದ್ದೆ ಉದ್ದಕ್ಕೆ 4 ಹಗ್ಗ, ಅಗಲಕ್ಕೆ 4: 16 ಗುಂಟೆ. ನಮ್ಮ ಪಟ್ಟೆ ಉದ್ದಕ್ಕೆ 6, ಅಗಲಕ್ಕೆ 2: 12 ಗುಂಟೆ. ಸುತ್ತಿದ ಹಗ್ಗ ಒಂದೇ, ಒಳಗಿನ ಮಣ್ಣು ನಾಲ್ಕು ಗುಂಟೆ ಕಮ್ಮಿ. ಸುತ್ತಳತೆ ಒಂದೇ ಇರುವ ಆಯತಗಳಲ್ಲಿ ಚೌಕಕ್ಕೇ ವಿಸ್ತೀರ್ಣ ಹೆಚ್ಚು ಅಂತ ಮೇಷ್ಟ್ರು ಹೇಳುವಾಗ ನನಗೆ ಹೊಟ್ಟೆ ತೊಳಸಿದಂತಾಯ್ತು. ಅಪ್ಪನಿಗೆ ಹೇಳಲಿಲ್ಲ. ಆಮೇಲೂ ಹೇಳಲಿಲ್ಲ. ಅವರಿಗೆ ಗೊತ್ತೇ ಆಗಲಿಲ್ಲ ಅಂದುಕೊಂಡೇ ಇಷ್ಟು ವರ್ಷ ಕಳೆದೆ.

ಆ ಸ್ಟೂಲಿನ ಮೇಲೆ ಕೂತಾಗ ಆ ವರ್ಷದ ನಾಟಿ ನೆನಪಾಯ್ತು. ಪಾಲಿಗೆ ಮೊದಲೇ ಬಿಟ್ಟಿದ್ದ ಒಟ್ಲಿನ ಪೈರನ್ನು ಇಬ್ಬರೂ ಸಮಸಮ ಹಂಚಿಕೊಂಡಿದ್ದರು. ನಮ್ಮ ಗದ್ದೆ ತುಂಬಿದ ಮೇಲೂ ಕಂತೆಗಳು ಉಳಿದವು. ಚಿಕ್ಕಪ್ಪನದಕ್ಕೆ ಸಾಲದೆ ಬಂತು. ಅಪ್ಪ ಬದುವಿನ ಮೇಲೆ ನಿಂತು ಆ ಗದ್ದೆ ನೋಡಿದರು, ಈ ಗದ್ದೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಓಗ್ಲಿ ಬುಡು" ಅಂದು, ಉಳಿದ ಕಂತೆ ಹೊತ್ತು ತಮ್ಮನ ಗದ್ದೆಗೆ ಹಾಕಿ ಬಂದರು. ಅದಾದ ಮೇಲೂ ಊರಲ್ಲಿ ಯಾರು ಏನು ಅಳೆಯಬೇಕಾದರೂ, "ನಮ್ ಮಗನ್ನ ಕರ್ಕೊಂಡೋಗಿ" ಅಂತಲೇ ಅನ್ನುತ್ತಿದ್ದರು.

"ಸಾರ್, ರೆಡಿ." ಗಾಜು ಒರೆಸಿ, ಪೇಪರು ಸುತ್ತಿ ಕೊಟ್ಟರು. ಮಳವಳ್ಳಿ ಬಸ್ಸಿನಲ್ಲಿ ಅಪ್ಪನನ್ನು ತೊಡೆ ಮೇಲೆ ಇಟ್ಟುಕೊಂಡು ಕೂತೆ.

ತಿಥಿ ಮುಗಿದ ಮೇಲೆ ಚಿಕ್ಕಪ್ಪನ ಮಗ ಹೊಸ ಮನೆಗೆ ಪಾಯ ಅಳೆಯಬೇಕು ಬಾಣ್ಣ ಅಂತ ಕರೆದ. ಟೇಪು ಹಿಡಿದು ಹೋದೆ. ಈ ಸಲ ಬರೀ ಸುತ್ತಲಿಲ್ಲ, ಗುಣಿಸಿಯೂ ನೋಡಿದೆ.