ದೊಡ್ಡವ್ವ ಹೇಳದೆ ಉಳಿಸಿಕೊಂಡಿದ್ದ ಮಾತು

ಸೆಪ್ಟೆಂಬರ್ 17 ಸಮೀಪಿಸಿದಾಗಲೆಲ್ಲ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರಾದರೂ ಫೋನು ಮಾಡಿ, "ಸರ್, ರಜಾಕಾರರ ಕಾಲದ ಬಗ್ಗೆ ನಿಮ್ಮ ಮನೆಯ ಹಿರಿಯರು ಏನು ಹೇಳುತ್ತಿದ್ದರು?" ಎಂದು ಕೇಳುವುದುಂಟು. ಏನೂ ಹೇಳುತ್ತಿರಲಿಲ್ಲ ಎಂಬುದೇ ಅದಕ್ಕೆ ನಿಜವಾದ ಉತ್ತರ. ನನ್ನ ತಾಯಿಯ ತಂದೆ ಆ ಮಾತು ಬಂದರೆ ಎದ್ದು ಹೊಲಕ್ಕೆ ಹೋಗಿಬಿಡುತ್ತಿದ್ದರು. ಒಂದೇ ಒಂದು ಸಲ, ಅದೂ ಯಾರೂ ಕೇಳದೆ, ನನ್ನ ದೊಡ್ಡವ್ವನ ಬಾಯಿಂದ ನಾಲ್ಕು ಮಾತು ಹೊರಬಿದ್ದವು. ಅವ್ವ, ದೊಡ್ಡವ್ವ ಇಬ್ಬರೂ ಈಗ ಇಲ್ಲ. ಬಂಧುಗಳೊಡನೆ ಮಾತನಾಡಿ, ಊರಿನ ಹೆಸರನ್ನೂ ಜನರ ಹೆಸರುಗಳನ್ನೂ ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ಪರಸ್ಥಳದಲ್ಲಿ ಬೆಳೆದ ನಮ್ಮ ಮನೆಯ ಕಿರಿಯರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಬೇಕು. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗ ರಾಯಚೂರಿಗೆ ಆ ಭಾಗ್ಯವಿರಲಿಲ್ಲ. ರಾಯಚೂರು, ಕಲಬುರ್ಗಿ, ಬೀದರ ಜಿಲ್ಲೆಗಳು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತವನ್ನು ಸೇರಲು ಒಪ್ಪದೆ, ಆ ವರ್ಷದ ನವೆಂಬರಿನಲ್ಲಿ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡರು. ಖಾಸಿಂ ರಜ್ವಿಯ ನಾಯಕತ್ವದಲ್ಲಿ ರಜಾಕಾರರೆಂಬ ಖಾಸಗಿ ಪಡೆ ಬೆಳೆಯಿತು. ಹಳ್ಳಿಗಳಲ್ಲಿ ಸುಲಿಗೆ, ಬೆಂಕಿ, ಕೊಲೆ ನಡೆದವು. 1948ರಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡವನ್ನು ಆ ಸೀಮೆಯವರು ಇಂದಿಗೂ ಮರೆತಿಲ್ಲ. ಪ್ರತಿರೋಧಕ್ಕಿಳಿದವರು ಗಡಿಯಾಚೆಗೆ ಮುಂಡರಗಿ, ಗಜೇಂದ್ರಗಡಗಳಲ್ಲಿ ಶಿಬಿರ ಹೂಡಿದರು. ಮಾನ್ವಿ ಸೀಮೆಯವರಿಗೆ ತುಂಗಭದ್ರೆಯೇ ಗಡಿ. ಹರಿಗೋಲಿನಲ್ಲಿ ಹೊಳೆ ದಾಟಿದರೆ ಆಚೆ ದಂಡೆ ಮದರಾಸು ಪ್ರಾಂತಕ್ಕೆ ಸೇರಿದ ಆದವಾನಿ ತಾಲೂಕು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ಜನ ಅದನ್ನು ಇಂದಿಗೂ 'ಪೊಲೀಸ್ ಆಕ್ಷನ್' ಎಂದೇ ಕರೆಯುತ್ತಾರೆ. ಪಾಠಪುಸ್ತಕದ ಕಥೆ ಅಲ್ಲಿಗೆ ಮುಗಿಯುತ್ತದೆ.

ಅವ್ವ ಆಗ ಆರು ವರ್ಷದ ಹುಡುಗಿ, ದೊಡ್ಡವ್ವ ಹದಿಮೂರರವಳು. ಅವ್ವ ನಮಗೆ ಆ ಕಾಲದ ಒಂದು ಪ್ರಸಂಗವನ್ನು ನಗುನಗುತ್ತಾ ಹೇಳುತ್ತಿದ್ದಳು: ಅಕ್ಕ ತಂಗಿ ಸೇರಿ ಹಗೇವಿನಲ್ಲಿ ಅಡಗಿಕೊಂಡು ಕಣ್ಣಾಮುಚ್ಚಾಲೆ ಆಡಿದ್ದು, ಮೈಯೆಲ್ಲ ತುರಿಸಿದ್ದು. ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ಕಿರಿದು, ಒಳಗೆ ಅಗಲ. ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಗೆದ ಕೂಡಲೇ ಯಾರೂ ಇಳಿಯಬಾರದು. ಒಳಗೆ ಕಟ್ಟಿದ ಗಾಳಿಯಿಂದ ಪ್ರಾಣ ಹೋಗುತ್ತದೆ. ಮೊದಲು ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಅವ್ವ ಈ ಕಥೆಯನ್ನು ಹೇಳುವಾಗ ದೊಡ್ಡವ್ವ ಎಂದೂ ನಗುತ್ತಿರಲಿಲ್ಲ.

ದೊಡ್ಡವ್ವನಿಗೆ ಇನ್ನೊಂದು ರೂಢಿಯಿತ್ತು. ಬಾಗಿಲಿಗೆ ಬಂದು ಯಾರು ನೀರು ಕೇಳಿದರೂ ತಾನೇ ಓಡಿಹೋಗಿ, ಚೆಂಬಿನ ಜೊತೆಗೆ ಒಂದು ತುಂಡು ಬೆಲ್ಲವನ್ನೂ ಕೊಡುತ್ತಿದ್ದಳು. ಆದರೆ ಅವರು ಕುಡಿಯುವುದನ್ನು ನೋಡುತ್ತಾ ನಿಲ್ಲುತ್ತಿರಲಿಲ್ಲ. ತಟ್ಟನೆ ಒಳಗೆ ಹೋಗಿಬಿಡುತ್ತಿದ್ದಳು. ನಾವು ಅದನ್ನು ಅವಳ ಸ್ವಭಾವವೆಂದು ತಿಳಿದಿದ್ದೆವು.

1994ರಲ್ಲಿ, ಮಹಾನವಮಿಗೆ ಮುಂಚೆ, ದೊಡ್ಡವ್ವ ದೇವದುರ್ಗದಿಂದ ಮಾನ್ವಿಯ ನಮ್ಮ ಮನೆಗೆ ಬಂದಿದ್ದಳು. ಓಣಿಯಲ್ಲಿ ಕಲಾಯಿಯವನು ತಿದಿ ಹೂಡಿ ಕುಳಿತಿದ್ದ. ಅಕ್ಕ ತಂಗಿಯರಿಬ್ಬರೂ ಪಡಸಾಲೆಯಲ್ಲಿ ತಾಮ್ರದ ಪಾತ್ರೆಗಳನ್ನು ಹೊರಗೆ ತೆಗೆದು, ಯಾವುದಕ್ಕೆ ಕಲಾಯಿ ಹಾಕಿಸಬೇಕು, ಯಾವುದನ್ನು ಕೊಟ್ಟುಬಿಡಬೇಕು ಎಂದು ಮಾತನಾಡುತ್ತಿದ್ದರು. ನಾನು ಪಕ್ಕದಲ್ಲಿ ಉತ್ತರಪತ್ರಿಕೆ ನೋಡುತ್ತಿದ್ದೆ. ಒಂದು ದೊಡ್ಡ ತಪೇಲಿಯನ್ನು ಹೊರಳಿಸಿ ಅವ್ವ ಅಂದಳು:

"ಅಕ್ಕಾ, ಇದನ್ನ ಹಾಕಿ ಸ್ಟೀಲಿಂದು ತಗೊಳ್ಳೋಣೇನು? ಕಂಠದ ಮ್ಯಾಲೆಲ್ಲಾ ಗೀರು ಬಿದ್ದಾವ."

"ಅವು ಗೀರಲ್ಲ. ಹೆಸರು. ಉರ್ದುದಾಗ ಕೊರಸ್ಯಾರ."

"ಅಪ್ಪ ನನ್ನ ಲಗ್ನಕ್ಕಂತ ರಾಯಚೂರಾಗ ಕೊಂಡು ತಂದದ್ದಲ್ಲೇನಿದು?"

"ಕೊಂಡದ್ದಲ್ಲ. ಅದು ಚಾಚೀದು. ನನ್ನ ಲಗ್ನದಾಗ ನನಗ ಕೊಡಾಕ ಬಂದಿದ್ದ. ನಾ ಒಲ್ಲೆ ಅಂದೆ."

ಅವ್ವನ ಕೈ ಅಲ್ಲಿಯೇ ನಿಂತಿತು. ತಂದೆ ತನಗೆ ಬಳುವಳಿಯಾಗಿ ಕೊಟ್ಟದ್ದೆಂದು ಆ ತಪೇಲಿಯ ಮೇಲೆ ಅವಳಿಗೆ ಬಹಳ ಅಭಿಮಾನವಿತ್ತು. ದೊಡ್ಡವ್ವ ತಲೆ ಎತ್ತದೆ, ಹುಣಸೆಹಣ್ಣು ಹಚ್ಚಿ ಒಂದು ತಂಬಿಗೆಯನ್ನು ತಿಕ್ಕುತ್ತಲೇ ಉಳಿದದ್ದನ್ನು ಹೇಳಿದಳು.

ಚಾಚಿ ಎಂದರೆ ನೆರೆಮನೆಯ ಪಿಂಜಾರರ ಹೆಂಗಸು. ಆಕೆಯ ಗಂಡ ಹತ್ತಿ ಹಿಂಜಿ ಹಾಸಿಗೆ ತುಂಬುತ್ತಿದ್ದವನು. 1948ರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ರಜಾಕಾರರು ಬರುತ್ತಿದ್ದಾರೆಂದು ಸುದ್ದಿಯಾಯಿತು. ಅಜ್ಜಿ ಹೆರಿಗೆಗೆ ತವರಿಗೆ ಹೋಗಿದ್ದಳು, ಅಜ್ಜ ಊರಲ್ಲಿರಲಿಲ್ಲ. ಚಾಚಿ ಬಂದು ಇಬ್ಬರು ಹುಡುಗಿಯರನ್ನೂ ನಮ್ಮ ಅಂಗಳದ ಖಾಲಿ ಹಗೇವಿನೊಳಗೆ ಇಳಿಸಿ, ಗಾಳಿಗೆ ಸಂದು ಬಿಟ್ಟು ಕಲ್ಲು ಸರಿಸಿ, ಅದರ ಪಕ್ಕದಲ್ಲೇ ಕುಳಿತು ಜೋಳ ಹಸನು ಮಾಡತೊಡಗಿದಳಂತೆ. ಬಂದವರು ಕೇಳಿದಾಗ "ಈ ಮನಿಯವರು ಹೊಳಿ ದಾಟಿ ಹೋಗ್ಯಾರ" ಎಂದಳಂತೆ. ತಂಗಿ ಅಳಬಾರದೆಂದು ದೊಡ್ಡವ್ವ ಕತ್ತಲಲ್ಲಿ ಅವಳ ಕಿವಿಯಲ್ಲಿ, ಇದು ಆಟ, ಮಾತಾಡಿದವರು ಸೋತಂತೆ ಎಂದು ಪಿಸುಗುಟ್ಟಿದ್ದಳು. ಅವ್ವ ನಲವತ್ತಾರು ವರ್ಷ ಅದನ್ನು ಆಟವೆಂದೇ ನಂಬಿದ್ದಳು.

ಸೆಪ್ಟೆಂಬರಿನಲ್ಲಿ ಕಾಲ ತಿರುಗಿತು. ಸೈನ್ಯ ಬಂದ ಮೇಲಿನ ದಿನಗಳಲ್ಲಿ ಊರಿನವರೇ ಕೆಲವರು ಪಿಂಜಾರರ ಮನೆಗಳನ್ನು ಒಡೆದರು. ಹೊಲದ ಕಡೆ ಹೋದ ಚಾಚಿಯ ಗಂಡ ಹಿಂದಿರುಗಲಿಲ್ಲ. ಎರಡು ದಿನದ ಮೇಲೆ, ನಸುಕಿನಲ್ಲಿ, ಆಕೆ ಇಬ್ಬರು ಮಕ್ಕಳನ್ನು ಕರೆದುಕೊಂಡು ಊರು ಬಿಡುವಾಗ ನಮ್ಮ ಬಾಗಿಲಿಗೆ ಬಂದು ನೀರು ಕೇಳಿದಳು. ದೊಡ್ಡವ್ವ ತಂಬಿಗೆಯಿಂದ ಅವಳ ಬೊಗಸೆಗೆ ನೀರು ಹಾಕುತ್ತಿದ್ದಳು. ಅಂಗಳದಲ್ಲಿ ಆ ತಪೇಲಿ ಬೋರಲಾಗಿತ್ತು. ಚಾಚಿ ಕುಡಿಯುತ್ತ ಅದನ್ನು ನೋಡಿದಳು, ಆಮೇಲೆ ದೊಡ್ಡವ್ವನನ್ನು ನೋಡಿದಳು. "ಮಕ್ಕಳಿಗೂ ಒಂದಿಷ್ಟು ಹಾಕವ್ವ" ಎಂದಷ್ಟೇ ಹೇಳಿ ಹೊರಟುಹೋದಳು. ಮತ್ತೆ ಅವರ ಸುದ್ದಿ ತಿಳಿಯಲಿಲ್ಲ.

"ಅಪ್ಪಗ ಕೇಳಲಿಲ್ಲೇನು ನೀನು?" ಅವ್ವ ಕೇಳಿದಳು.

"ಏನಂತ ಕೇಳಲಿ? ನೀನೇ ತಂದಿ ಅಂತನೋ, ಯಾರ್ ಕೊಟ್ಟರು ಅಂತನೋ? ಕೇಳಿದ್ರ ಮುಂದ ಅವನ ಕೈಯಾಗ ಉಣ್ಣೋದು ಹ್ಯಾಂಗ?" ಸ್ವಲ್ಪ ತಡೆದು ಅಂದಳು: "ಆಕಿ ಒಂದು ಮಾತು ಬೈದಿದ್ರ ನಾ ಮರತುಬಿಡ್ತಿದ್ದೆ."

ಕಲಾಯಿಯವನು ಹೊರಗಿನಿಂದ ಕೂಗಿದ. ದೊಡ್ಡವ್ವ ತಂಬಿಗೆ ತೊಳೆದಿಟ್ಟು ಚಹಾಕ್ಕೆ ಇಡಲು ಎದ್ದಳು. ಆ ವಿಷಯವನ್ನು ಇಬ್ಬರೂ ಮತ್ತೆಂದೂ ಎತ್ತಲಿಲ್ಲ. ತಪೇಲಿಗೆ ಅವ್ವ ಹೊಸ ಕಲಾಯಿ ಹಾಕಿಸಿ, ಮುಂದಿನ ವಾರ ತವರೂರಿಗೆ ಹೋಗಿ ಅಲ್ಲಿನ ದರ್ಗಾದ ಉರುಸಿನ ಅಡುಗೆಗೆಂದು ಕೊಟ್ಟುಬಂದಳು. ಅದರಿಂದ ಋಣ ತೀರಿತೆಂದು ಅವಳು ಎಣಿಸಲಿಲ್ಲ. ಮನೆಯಲ್ಲಿಟ್ಟುಕೊಳ್ಳಲು ಅವಳಿಗೆ ಆಗಲಿಲ್ಲ, ಅಷ್ಟೆ.

ನಮ್ಮ ಊರಿನಲ್ಲಿ ನಡೆದದ್ದು ಒಂಟಿ ಘಟನೆಯಲ್ಲ. 1948ರ ಕೊನೆಯಲ್ಲಿ ಕೇಂದ್ರ ಸರ್ಕಾರದ ಪರವಾಗಿ ಪಂಡಿತ ಸುಂದರಲಾಲ್ ಮತ್ತು ಅವರ ಸಂಗಡಿಗರು ಸಂಸ್ಥಾನದಲ್ಲಿ ಸಂಚರಿಸಿ ವರದಿ ಕೊಟ್ಟರು. ಪೊಲೀಸ್ ಆಕ್ಷನ್ ಸಮಯದಲ್ಲೂ ಅದರ ನಂತರವೂ ಕಡಿಮೆಯೆಂದರೂ 27,000ದಿಂದ 40,000 ಜನ ಸತ್ತಿರಬೇಕೆಂದು ಅವರ ಅಂದಾಜು. ಆ ವರದಿ ದಶಕಗಳ ಕಾಲ ಸಾರ್ವಜನಿಕರ ಕೈಗೆ ಸಿಗಲಿಲ್ಲ. ರಜಾಕಾರರಿಂದ ನೊಂದವರ ನೋವು ಇದರಿಂದ ಸುಳ್ಳಾಗುವುದಿಲ್ಲ. ವಿಮೋಚನೆಯ ಬೆಲೆಯೂ ಕಡಿಮೆಯಾಗುವುದಿಲ್ಲ. 2019ರಿಂದ ಕಲ್ಯಾಣ ಕರ್ನಾಟಕ ಉತ್ಸವವೆಂದು ಕರೆಯುವ ಆ ದಿನದಂದು ನಾನು ಇಂದಿಗೂ ಧ್ವಜಕ್ಕೆ ಸಂತೋಷದಿಂದಲೇ ವಂದಿಸುತ್ತೇನೆ.

ಆದರೆ ಹಿರಿಯರ ಮೌನದ ಬಗ್ಗೆ ಆ ದಿನ ನನಗೊಂದು ಸಂಗತಿ ತಿಳಿಯಿತು. ತಮಗಾದ ಹೆದರಿಕೆಯನ್ನು ದೊಡ್ಡವ್ವ ಹೇಗೋ ನುಂಗಿಕೊಂಡಿದ್ದಳು. ನುಂಗಲಾಗದೆ ಉಳಿದದ್ದು ತಮ್ಮನ್ನು ಕಾಪಾಡಿದವಳಿಗೆ ತಮ್ಮವರಿಂದ ಆದದ್ದು. ಅದನ್ನು ಹೇಳಲು ಹೋದರೆ ತಂದೆಯ ಹೆಸರು ಬರುತ್ತದೆ. ಆದ್ದರಿಂದ ಒಬ್ಬಳೇ ಹೊತ್ತಳು.

ಮಕ್ಕಳೇ, 1948ರಲ್ಲಿ ಬುದ್ಧಿ ಬಂದಿದ್ದವರು ಈಗ ಎಂಬತ್ತು ದಾಟಿದ್ದಾರೆ. ನಿಮ್ಮ ಮನೆಯಲ್ಲಿ ಅಂಥವರು ಇದ್ದರೆ ಪ್ರಶ್ನಾವಳಿ ಹಿಡಿದು ಹೋಗಬೇಡಿ. ಅವರೊಡನೆ ಕುಳಿತು ಸೊಪ್ಪು ಸೋಸಿರಿ, ಕಾಳು ಆರಿಸಿರಿ. ಮಾತು ಬಂದರೆ ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಬರೆದಿಡು ಎಂದರೆ ಬರೆದಿಡಿ. ಬೇಡವೆಂದರೆ ಕೇಳಿಸಿಕೊಂಡದ್ದೇ ಸಾಕು.