ಬೆಳ್ಳಿ ಗಣಿಯ ಊರಿನ ಚೆಂಡಾಟ

ಮೆಕ್ಸಿಕೊ ನಗರದಿಂದ ಈಶಾನ್ಯಕ್ಕೆ ಸುಮಾರು 90 ಕಿ.ಮೀ. ಸಾಗಿದರೆ ಸಿಗುವ ಊರು ಪಚೂಕಾ. ಹಿಡಾಲ್ಗೊ ರಾಜ್ಯದ ರಾಜಧಾನಿಯಾದ ಇದು ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿದೆ. ಸದಾ ಬೀಸುವ ಗಾಳಿಯಿಂದಾಗಿ ಇದಕ್ಕೆ 'ಗಾಳಿಯೂರಿನ ಚೆಲುವೆ' ಎಂಬ ಅಡ್ಡಹೆಸರು. ಊರ ನಡುವೆ 1910ರಲ್ಲಿ ಉದ್ಘಾಟನೆಯಾದ 40 ಮೀಟರ್ ಎತ್ತರದ ಗಡಿಯಾರ ಗೋಪುರವಿದೆ. ಮೆಕ್ಸಿಕೊದ ಫುಟ್‌ಬಾಲ್‌ಗೆ ಇದು ತವರೂರು.

ಈ ಕಥೆ ಆರಂಭವಾಗುವುದು ಮೈದಾನದಲ್ಲಲ್ಲ, ಬೆಳ್ಳಿ ಗಣಿಯಲ್ಲಿ. ಪಕ್ಕದ ಬೆಟ್ಟದೂರು ರಿಯಲ್ ಡೆಲ್ ಮಾಂಟೆಯ ಗಣಿಗಳಲ್ಲಿ ನೀರು ತುಂಬಿ ಕೆಲಸ ನಿಂತಿತ್ತು. 1824ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಕಂಪೆನಿಯೊಂದು ನೀರೆತ್ತುವ ಉಗಿಯಂತ್ರಗಳ ಜೊತೆಗೆ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಗಣಿಗಾರರನ್ನು ಕಳುಹಿಸಿತು. ಕರಾವಳಿಯಲ್ಲಿ ಇಳಿದವರಲ್ಲಿ ಅನೇಕರು ಹಳದಿ ಜ್ವರಕ್ಕೆ ಬಲಿಯಾದರು. ಆ ಕಂಪೆನಿಯ ಮುಂದಾಳು ಜಾನ್ ಟೇಲರ್. ಅವನ ಮನೆತನದ 'ಜಾನ್ ಟೇಲರ್ ಅಂಡ್ ಸನ್ಸ್' ಸಂಸ್ಥೆಯೇ 1880ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಗೂ ಕಾಲಿಟ್ಟಿತು.

ಗಣಿಗಾರರು ತಮ್ಮೊಂದಿಗೆ ಎರಡು ವಸ್ತು ತಂದರು. ಒಂದು, ನಮ್ಮ ಕರ್ಜಿಕಾಯಿಯ ಆಕಾರದ, ಮಾಂಸ ಮತ್ತು ಆಲೂಗೆಡ್ಡೆ ತುಂಬಿದ ತಿಂಡಿ. ಮೆಣಸಿನಕಾಯಿ ಬೆರೆತು 'ಪಾಸ್ತೆ' ಎನಿಸಿಕೊಂಡ ಅದನ್ನು ಇಂದೂ ಬೀದಿಬೀದಿಯಲ್ಲಿ ಮಾರುತ್ತಾರೆ. ಇನ್ನೊಂದು, ತಲೆಮಾರುಗಳ ನಂತರ ಬಂದ ಫುಟ್‌ಬಾಲ್. 1901ರಲ್ಲಿ ಪಚೂಕಾ ಅಥ್ಲೆಟಿಕ್ ಕ್ಲಬ್ ಸ್ಥಾಪನೆಯಾಯಿತು. ಮರುವರ್ಷ ಐದು ತಂಡಗಳೊಡನೆ ಆರಂಭವಾದ ದೇಶದ ಮೊದಲ ಲೀಗ್‌ನಲ್ಲಿ ಅದೂ ಒಂದು. 1904–05ರಲ್ಲಿ ಪ್ರಶಸ್ತಿಯೂ ಬಂತು. ನೆಲ ಕೊರೆಯುವ ಪುಟ್ಟ ಪ್ರಾಣಿ 'ಟೂಸೊ'ದ ಹೆಸರೇ ಗಣಿಯೂರಿನ ಆಟಗಾರರಿಗೆ ಅಂಟಿಕೊಂಡಿತು.

ಆದರೆ 1910ರ ಕ್ರಾಂತಿ, ಬಳಿಕ ಮಹಾಯುದ್ಧ! ಇಂಗ್ಲಿಷರು ಒಬ್ಬೊಬ್ಬರಾಗಿ ಊರು ಬಿಟ್ಟರು. 1920ರ ದಶಕದಲ್ಲಿ ತಂಡವೇ ಕಣ್ಮರೆಯಾಯಿತು. ಆಟವನ್ನು ದೇಶಕ್ಕೆ ಕಲಿಸಿದ ಊರು ದಶಕಗಳ ಕಾಲ ದೊಡ್ಡ ಲೀಗ್‌ನ ಹೊರಗೇ ಉಳಿಯಿತು. ಮತ್ತೆ ಎದ್ದರೂ ಹತ್ತಿ ಇಳಿದದ್ದೇ ಹೆಚ್ಚು. 1998ರಲ್ಲಿ ಮೇಲಿನ ವಿಭಾಗಕ್ಕೆ ಮರಳಿದ ತಂಡ 1999ರ ಡಿಸೆಂಬರಿನಲ್ಲಿ ಚಾಂಪಿಯನ್ ಆಯಿತು. 2022ರ ಹೊತ್ತಿಗೆ ಅಂಥ ಪ್ರಶಸ್ತಿಗಳು ಏಳಾದವು. 2006ರಲ್ಲಿ ಚಿಲಿಯ ಕೊಲೊ-ಕೊಲೊ ತಂಡವನ್ನು ಅದರ ನೆಲದಲ್ಲೇ ಮಣಿಸಿ ದಕ್ಷಿಣ ಅಮೆರಿಕದ 'ಕೋಪಾ ಸುಡಮೆರಿಕಾನಾ'ವನ್ನೂ ಗೆದ್ದಿತು. ಆ ಖಂಡದ ಹೊರಗಿನ ಕ್ಲಬ್ಬಿಗೆ ಅಂಥ ಗೌರವ ಅದೇ ಮೊದಲು.

ಈ ಏಳಿಗೆಯ ಹಿಂದೆ ತರಗತಿ ಕೋಣೆಯೂ ಇದೆ. ಕ್ಲಬ್ಬಿನ ಆಶ್ರಯದಲ್ಲಿ 2001ರಲ್ಲಿ ಫುಟ್‌ಬಾಲ್ ಹಾಗೂ ಕ್ರೀಡಾವಿಜ್ಞಾನದ ವಿಶ್ವವಿದ್ಯಾನಿಲಯವೇ ಆರಂಭವಾಯಿತು. ಇಲ್ಲಿನ ಎಳೆಯರ ತಂಡದಲ್ಲಿ ಪಳಗಿದ ಇರ್ವಿಂಗ್ ಲೊಸಾನೊ 2018ರ ವಿಶ್ವಕಪ್‌ನಲ್ಲಿ ಜರ್ಮನಿಯನ್ನು ಸೋಲಿಸಿದ ಏಕೈಕ ಗೋಲು ಹೊಡೆದ. ಎಲ್ಲ ಹುಡುಗರೂ ಲೊಸಾನೊ ಆಗಲಾರರು. ಮೊಣಕಾಲು ಕೈಕೊಟ್ಟರೆ ಆಟ ಅಲ್ಲಿಗೇ ಮುಗಿಯಬಹುದು. ಅಂಥವರಿಗೂ ಆಸರೆಯಾಗಿ ಓದು ಇರಬೇಕಲ್ಲವೆ? ಆಟವೋ ಓದೋ ಎಂದು ಚಿಂತಿಸುವ ತಂದೆತಾಯಿಗಳು ಗಮನಿಸಬೇಕಾದ ಮಾತಿದು.

ರಿಯಲ್ ಡೆಲ್ ಮಾಂಟೆಯ ಗುಡ್ಡದ ಮೇಲೆ ಇಂಗ್ಲಿಷರ ಸ್ಮಶಾನವಿದೆ. ಅಲ್ಲಿನ ಸಮಾಧಿಗಳು ಇಂಗ್ಲೆಂಡಿನ ಕಡೆಗೇ ಮುಖ ಮಾಡಿವೆ ಎನ್ನುತ್ತಾರೆ ಊರವರು. ಗಣಿಗಾರರು ಕೊನೆಯವರೆಗೂ ತಮ್ಮ ಊರನ್ನು ಮರೆಯಲಿಲ್ಲ. ಅವರು ತಂದ ಆಟ ಮಾತ್ರ ಪಚೂಕಾದ್ದೇ ಆಗಿಬಿಟ್ಟಿತು.