ರಾಯಪ್ಪನೂ ನನ್ನ ಲಕೋಟೆಯೂ



ಕಲೂರಿನಲ್ಲಿ ಮಂಗಳವಾರ ಬಂತೆಂದರೆ ಸಂತ ಅಂತೋಣಿಯವರ ದೇವಾಲಯದ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಆ ಗದ್ದಲದಲ್ಲಿ ಸಿಕ್ಕಿಕೊಂಡು ಟ್ಯೂಷನ್‌ಗೆ ತಡವಾಗಿ ಹೋದವರು ನಿಮ್ಮಲ್ಲಿಯೂ ಇದ್ದೀರಿ! ಕಳೆದುಹೋದ ವಸ್ತುಗಳನ್ನು ಹುಡುಕಿಕೊಡುವ ಸಂತರೆಂದು ಅವರಿಗೆ ಹೆಸರು. 2023ರ ಜನವರಿಯಲ್ಲಿ ನಾನೂ ಅಲ್ಲಿ ಮೇಣದಬತ್ತಿ ಹಚ್ಚಿ ಬೇಡಿಕೊಂಡೆ. ಕಳೆದದ್ದು 1,850 ರೂಪಾಯಿಯಿದ್ದ ಒಂದು ಲಕೋಟೆ.

ಅದರ ಹಿಂದಿನ ತಿಂಗಳು ಕ್ರಿಸ್ಮಸ್‌ಗಾಗಿ ನಮ್ಮ ಕನ್ನಡ ಮಕ್ಕಳನ್ನು ಕಟ್ಟಿಕೊಂಡು ಮನೆಮನೆಗೆ ಹೋಗಿ ಕ್ಯಾರಲ್ ಹಾಡಿಸಿದ್ದೆ. ತಂಡದ ನಾಯಕಿ, ಖಜಾಂಚಿ, ಗದರುವವಳು ಎಲ್ಲವೂ ನಾನೇ. ಕೊನೆಯ ರಾತ್ರಿ ನೋಡಿದರೆ ಲಕೋಟೆ ಇಲ್ಲ. ಕಾಣಿಕೆ ಡಬ್ಬಿ ಹಿಡಿದುಕೊಂಡಿದ್ದವಳು ಹನ್ನೆರಡು ವರ್ಷದ ಹುಡುಗಿ. ಎಲ್ಲರ ಎದುರಿಗೆ, "ನಿನ್ನ ಕೈಯಲ್ಲೇ ಇತ್ತಲ್ಲ, ನಿಜ ಹೇಳು" ಎಂದುಬಿಟ್ಟೆ. ಕಳ್ಳಿ ಎಂಬ ಮಾತು ಆಡಲಿಲ್ಲ. ಆಡುವ ಅಗತ್ಯವೂ ಉಳಿದಿರಲಿಲ್ಲ.

ಸಂತರು ನನ್ನ ಪ್ರಾರ್ಥನೆ ಕೇಳಿದರು. ಲಕೋಟೆ ಸಿಕ್ಕಿತು, ನನ್ನದೇ ಹಾಡಿನ ಪುಸ್ತಕದ ಹೊದಿಕೆಯೊಳಗೆ! ಭದ್ರವಾಗಿರಲಿ ಎಂದು ನಾನೇ ಇಟ್ಟು ಮರೆತಿದ್ದೆ. ಆ ರಾತ್ರಿ ನನಗೆ ಮೊದಲು ಹೊಳೆದ ಉಪಾಯವನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಹಣವನ್ನು ಸದ್ದಿಲ್ಲದೆ ಲೆಕ್ಕಕ್ಕೆ ಸೇರಿಸಿಬಿಡುವುದು.

ನಿದ್ದೆ ಬರಲಿಲ್ಲ. ರಾಯಪ್ಪನ ನೆನಪಾಯಿತು. ಮೈಸೂರು ಕಡೆಯ ಹಳೆಯ ಕ್ರೈಸ್ತರ ಬಾಯಲ್ಲಿ ಸಂತ ಪೇತ್ರನೇ ರಾಯಪ್ಪ. ಇಲ್ಲಿ ನಿಮ್ಮ ಸ್ನೇಹಿತರ ಮನೆಗಳಲ್ಲಿ ಪತ್ರೋಸ್. ಯೇಸುವಿನ ಶಿಷ್ಯರಲ್ಲಿ ಮುಂದಾಳು. ಯಾರು ಬಿಟ್ಟರೂ ನಾನು ಬಿಡೆ ಎಂದು ಜಂಬ ಕೊಚ್ಚಿದವನು, ಯೇಸುವನ್ನು ಬಂಧಿಸಿದ ರಾತ್ರಿ ಅಂಗಳದಲ್ಲಿ ಚಳಿ ಕಾಯಿಸುತ್ತಾ ನಿಂತಿದ್ದಾಗ, ಒಬ್ಬ ದಾಸಿ ಕೇಳಿದ್ದಕ್ಕೆ ಹೆದರಿ ಆತನನ್ನು ಅರಿಯೆ ಎಂದ. ಮೂರು ಸಲ ಹಾಗೆಂದ. ಕೋಳಿ ಕೂಗಿತು, ಹೊರಗೆ ಹೋಗಿ ಅತ್ತ. ಇಂಥವನೇ ಮುಂದೆ ಸಭೆಗೆ ನಾಯಕನಾದ. ನನಗೆ ಆಶ್ಚರ್ಯವೆನಿಸುವುದು ಇದು: ನಾಯಕನ ಮಾನ ಉಳಿಸಲು ಆ ಪ್ರಸಂಗವನ್ನು ಯಾರೂ ಮುಚ್ಚಲಿಲ್ಲ. ನಾಲ್ಕು ಸುವಾರ್ತೆಗಳಲ್ಲಿಯೂ ಬರೆದಿಟ್ಟಿದ್ದಾರೆ.

ಪುನರುತ್ಥಾನದ ಬಳಿಕ ಯೇಸು ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು ಅವನಿಗೆ ಉಣಬಡಿಸಿದ. ಆಮೇಲೆ, ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿದ. ಮೂರನೆಯ ಸಲ ಪೇತ್ರನಿಗೆ ನೋವಾಯಿತಂತೆ. ಕ್ಷಮಿಸಿದ್ದೂ ನಿಜ, ನೋಯಿಸಿದ್ದೂ ನಿಜ. ಕೊನೆಗೆ ಕೊಟ್ಟದ್ದು ಕುರಿ ಕಾಯುವ ಕೆಲಸ.

ಪೇತ್ರನ ಪೀಠದಲ್ಲಿ ಕುಳಿತವರಿಗೂ ಇಂಥ ಗಳಿಗೆ ಬಂದಿದೆ. 2018ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಚಿಲಿ ದೇಶಕ್ಕೆ ಹೋಗಿದ್ದರು. ಒಬ್ಬ ಪಾದ್ರಿ ಮಕ್ಕಳ ಮೇಲೆ ನಡೆಸಿದ ದೌರ್ಜನ್ಯವನ್ನು ಬಿಷಪ್ ಬಾರೋಸ್ ಮುಚ್ಚಿಟ್ಟರೆಂದು ನೊಂದವರು ದೂರುತ್ತಿದ್ದರು. ಬಾರೋಸ್ ಅದನ್ನು ಅಲ್ಲಗಳೆದಿದ್ದರು. ಪತ್ರಕರ್ತರು ಕೇಳಿದಾಗ ಪೋಪ್ ಅವರು ಸಾಕ್ಷ್ಯವಿಲ್ಲ, ಎಲ್ಲವೂ ಅಪನಿಂದೆ ಎಂದುಬಿಟ್ಟರು. ನಂತರ ವಿಚಾರಣೆಗೆ ಆರ್ಚ್‌ಬಿಷಪ್ ಶಿಕ್ಲೂನಾ ಅವರನ್ನು ಕಳುಹಿಸಿದರು. 64 ಜನರ ಹೇಳಿಕೆ, 2,300 ಪುಟಗಳ ವರದಿ ಬಂತು. ಏಪ್ರಿಲ್‌ನಲ್ಲಿ ಪೋಪ್ ತಾವು ಗಂಭೀರವಾಗಿ ತಪ್ಪಿದೆವೆಂದು ಬರೆದು ಕ್ಷಮೆ ಬೇಡಿದರು. ನೊಂದವರಲ್ಲಿ ಮೂವರನ್ನು ತಾವಿದ್ದ ಮನೆಗೇ ಕರೆಸಿ, ಒಬ್ಬೊಬ್ಬರ ಮಾತನ್ನೂ ಬೇರೆಬೇರೆಯಾಗಿ ಕೇಳಿದರು. ಜೂನ್‌ನಲ್ಲಿ ಬಾರೋಸ್ ಅವರ ರಾಜೀನಾಮೆ ಅಂಗೀಕಾರವಾಯಿತು. ಆ ಪತ್ರದಲ್ಲಿಯೂ ತಮಗೆ ಸರಿಯಾದ ಮಾಹಿತಿ ಸಿಗಲಿಲ್ಲವೆಂಬ ಒಂದು ಕಾರಣ ಇಣುಕಿದೆ. ಅದು ಇರಬಾರದಿತ್ತು ಎಂದು ನನಗನ್ನಿಸುತ್ತದೆ. ಆದರೆ ಕಾರಣ ಹುಡುಕುವುದರಲ್ಲಿ ನಾನೇನು ಕಡಿಮೆ?

ಮಾರನೆಯ ದಿನ ಮೈಸೂರು ಪಾಕಿನ ಪೊಟ್ಟಣ ಹಿಡಿದು ಆ ಹುಡುಗಿಯ ಮನೆಗೆ ಹೋಗಿ "ಸಾರಿ ಪುಟ್ಟಾ, ಅವಸರದಲ್ಲಿ ಹಾಗೆ ಅಂದುಬಿಟ್ಟೆ" ಎಂದೆ. ಅವಳ ತಾಯಿ "ಹೋಗಲಿ ಬಿಡಿ ಅಕ್ಕಾ" ಎಂದರು. ಹುಡುಗಿ ಪೊಟ್ಟಣ ಮುಟ್ಟಲಿಲ್ಲ. "ಆಂಟೀ, ನೀವು ಬೈದದ್ದು ಎಲ್ಲರ ಎದುರಿಗೆ ಅಲ್ವಾ?" ಎಂದಳು.

ಮುಂದಿನ ಭಾನುವಾರ ಮಕ್ಕಳನ್ನೂ ತಾಯಿತಂದೆಯರನ್ನೂ ಮನೆಗೆ ಕರೆದೆ. ನಾನು ಇಂಗ್ಲಿಷ್ ಬಿ.ಎ. ಓದಿದವಳು, 'ಸಾರಿ' ಎಂಬುದು ನಾಲಿಗೆ ತುದಿಯಲ್ಲೇ ಇರುತ್ತದೆ. ಬಸ್ಸಿನಲ್ಲಿ ಕಾಲು ತುಳಿದರೂ ಅದೇ ಮಾತು. ಕನ್ನಡದಲ್ಲಿ 'ತಪ್ಪಾಯಿತು' ಎನ್ನೋಣವೆಂದುಕೊಂಡೆ. ಅದರಲ್ಲಿಯೂ ತಪ್ಪು ತಾನಾಗಿಯೇ ಆದಂತಿದೆ, ಮಾಡಿದವಳು ಕಾಣುವುದಿಲ್ಲ! ಕೊನೆಗೆ, "ನಾನು ತಪ್ಪು ಮಾಡಿದೆ. ಹಣ ನನ್ನ ಪುಸ್ತಕದಲ್ಲೇ ಇತ್ತು. ಇವಳ ಮೇಲೆ ಸುಳ್ಳು ಅಪವಾದ ಹೊರಿಸಿದೆ" ಎಂದೆ. ಕಾಲು ನಡುಗುತ್ತಿತ್ತು. ಲೆಕ್ಕದ ಪುಸ್ತಕವನ್ನು ಅಲ್ಲೇ ಬೇರೊಬ್ಬರಿಗೆ ಒಪ್ಪಿಸಿದೆ. ಹಾಡು ಕಲಿಸುವುದನ್ನೂ ಬಿಡುತ್ತೇನೆಂದಾಗ, "ಅದನ್ನು ಬಿಟ್ಟರೆ ಮಕ್ಕಳಿಗೆ ಯಾರು ಹೇಳಿಕೊಡುತ್ತಾರೆ?" ಎಂದು ಬೈದವರು ಆ ಹುಡುಗಿಯ ಅಜ್ಜಿ.

ಹುಡುಗಿ ಮಾತ್ರ ಬರಲಿಲ್ಲ. ಓಣಂ ಹೋಯಿತು, ರಾಜ್ಯೋತ್ಸವ ಹೋಯಿತು. ನಾನು ಕರೆಯಲು ಹೋಗಲಿಲ್ಲ. ಬರುವುದೂ ಬಿಡುವುದೂ ಅವಳಿಗೆ ಸೇರಿದ್ದು. 2023ರ ಡಿಸೆಂಬರ್‌ನಲ್ಲಿ ಒಂದು ಸಂಜೆ ಅಭ್ಯಾಸ ನಡೆದಿದ್ದಾಗ ಹಿಂದಿನ ಸಾಲಿನಲ್ಲಿ ಬಂದು ಕುಳಿತಿದ್ದಳು. ಕ್ಯಾರಲ್ ಮುಗಿದ ರಾತ್ರಿ ಕಾಣಿಕೆ ಡಬ್ಬಿಯನ್ನು ಅವಳ ಮುಂದಿಟ್ಟು, "ನೀನೇ ಎಣಿಸಮ್ಮಾ" ಎಂದೆ.

"ಬೇಡ ಆಂಟೀ, ನೀವೇ ಎಣಿಸಿ. ನಾನು ನೋಡ್ತಾ ಇರ್ತೀನಿ" ಎಂದಳು.

ಎಣಿಸಿದೆ.